ಎಂಟು ಎಂ.ಎಂ. ರೈಫಲ್ಲು

ಧೈರ್ಯವಿಲ್ಲದವನಿಗೆ ಬಂದೂಕಿನ ಮೇಲೆ ಇರುವಷ್ಟು ಪ್ರೀತಿ ಧೈರ್ಯವಂತನಿಗೆ ಇರುವುದಿಲ್ಲ. ಇದು ನನ್ನ ಸ್ವಂತ ಅನುಭವದ ಮಾತು. ಧೈರ್ಯವಂತನಿಗೆ ಕೈಯಲ್ಲೊಂದು ಬಡಿಗೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ನನ್ನಂಥವನಿಗೆ ಹಾಗಲ್ಲ. ಹಿತ್ತಲಲ್ಲಿ ಓತಿಕ್ಯಾತ ಸರಿದಾಡಿದರೂ ಪಕ್ಕದಲ್ಲಿ ಏನಾದರೊಂದು ಆಯುಧ ಇದ್ದರೆ ಚೆನ್ನ ಎನ್ನಿಸುತ್ತದೆ. ಇಂಥ ನಾನು, ಬಳ್ಳಾರಿಯಲ್ಲಿ ಹೊಸದಾಗಿ ವಕೀಲಿ ಹಿಡಿದಿದ್ದ ದಿನಗಳಲ್ಲಿ, ದೊಡ್ಡ ಮಿಕಗಳನ್ನು ಬಹುದೂರದಿಂದ ಹೊಡೆಯಬಲ್ಲ, ಆದರೆ ಬಡವನ ಕೈಗೂ ಎಟಕುವ, ಫ್ಯಾಕ್ಟರಿಯಲ್ಲಿ ತಯಾರಾದ ಒಂದು ರೈಫಲ್ಲಿಗಾಗಿ ತಿಂಗಳುಗಟ್ಟಲೆ ಅಲೆದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ಆ ಅಲೆದಾಟದ ನಡುವೆಯೇ ನನಗೆ ಮದುವೆಯಾಯಿತು. ಸರಿಯಾಗಿ ಹೇಳಬೇಕೆಂದರೆ, ಆ ರೈಫಲ್ಲಿನ ದೆಸೆಯಿಂದ ಆಗುವ ಮದುವೆ ಸ್ವಲ್ಪದರಲ್ಲಿ ತಪ್ಪಿಹೋಗುತ್ತಿತ್ತು.

ಯುದ್ಧ ಮುಗಿದು ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಬಳ್ಳಾರಿ ಇನ್ನೂ ಮದರಾಸಿನ ಕೈಕೆಳಗಿತ್ತು. ಕೋರ್ಟಿನಲ್ಲಿ ಇಂಗ್ಲಿಷು, ನನ್ನ ಸೀನಿಯರ್ ವಕೀಲರ ಮನೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಹೊಟ್ಟೆ ಹಸಿದಾಗ ಕನ್ನಡ, ಹೀಗೆ ನನ್ನ ದಿನ ಸಾಗುತ್ತಿತ್ತು. ಕಕ್ಷಿದಾರರು ಮಾತ್ರ ಯಾವ ಭಾಷೆಯವರೂ ನನ್ನ ಬಳಿ ಸುಳಿಯುತ್ತಿರಲಿಲ್ಲ. ಕೋಟೆ ಗುಡ್ಡದ ಬುಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಆ ಬಂಡೆ ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದ ಮೇಲೆ ಕುಡಿದದ್ದನ್ನೆಲ್ಲ ನನ್ನ ಕೋಣೆಯೊಳಕ್ಕೆ ಬಿಡುತ್ತಿತ್ತು. ಆಗ ಅದನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಈಗ ಅದೇ ಸೆಖೆಯನ್ನು ನೆನೆದರೆ ಮೈಗೆ ಹಿತವಾಗುತ್ತದೆ. ವಯಸ್ಸು ಎಷ್ಟು ದೊಡ್ಡ ಸುಳ್ಳುಗಾರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಸೀನಿಯರಿಗೆ ಶಿಕಾರಿ ಎಂದರೆ ಪ್ರಾಣ. ಕೇಸು ಗೆದ್ದರೆ ಸಂತೋಷಕ್ಕೆ ಶಿಕಾರಿ, ಸೋತರೆ ದುಃಖಕ್ಕೆ ಶಿಕಾರಿ. ಜೂನಿಯರು ಇರುವುದೇ ತೋಟಾದ ಚೀಲ ಹೊರುವುದಕ್ಕೆ ಎಂದು ಅವರು ಬಲವಾಗಿ ನಂಬಿದ್ದರು. ಒಂದು ಆದಿತ್ಯವಾರ ನನ್ನನ್ನು ಕರೆದುಕೊಂಡು ಸಿರುಗುಪ್ಪದ ಆಚೆ ಕೆಂಚನಗುಡ್ಡದ ಕಡೆ ಹೊರಟರು. ಅಲ್ಲಿಯ ಎರೆಹೊಲಗಳಲ್ಲಿ ಮರ ಎಂಬುದು ಅಪರೂಪ. ಕಣ್ಣು ಹೋದಷ್ಟು ದೂರವೂ ಹತ್ತಿ, ಜೋಳ, ಮತ್ತೆ ಹತ್ತಿ. ನಡುವೆ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು. ನಾವು ಅವನ್ನು ಕಾಣುವ ಮೊದಲೇ ಅವು ನಮ್ಮನ್ನು ಕಂಡು, ಇವರು ಎಲ್ಲಿಯವರೆಗೆ ಬರುತ್ತಾರೋ ನೋಡೋಣ ಎಂದು ನಿಂತಿರುತ್ತಿದ್ದವು. ನಾವು ನಾಲ್ಕು ಹೆಜ್ಜೆ ಇಟ್ಟರೆ ಅವೂ ನಾಲ್ಕು ಹೆಜ್ಜೆ ಇಡುತ್ತಿದ್ದವು. ಸೀನಿಯರ ಜೋಡುನಳಿಗೆಯ ಬಂದೂಕು ಹತ್ತಿರದ್ದಕ್ಕೆ ಮಾತ್ರ ಲಾಯಕ್ಕು. ಹೀಗೆ ದಿನವಿಡೀ ಪರಸ್ಪರ ಗೌರವದಿಂದ ನಡೆದಾಡಿದೆವು. ಕೊನೆಗೆ ಹೊತ್ತು ಇಳಿಯುವಾಗ ಹೊಳೆಯ ದಂಡೆಯ ಜೋಳದೊಳಗಿಂದ ಒಂದು ಕಾಡುಹಂದಿ, ಯಾರೂ ಕರೆಯದೆ, ನೇರ ನಮ್ಮ ಕಡೆಗೇ ಬಂತು. ಸೀನಿಯರು ತೋಟಾಕ್ಕೆಂದು ಹಿಂದಕ್ಕೆ ಕೈ ಚಾಚಿದರು. ತೋಟಾದ ಚೀಲ ನನ್ನ ಹೆಗಲಲ್ಲಿತ್ತು. ನಾನು ಆ ಪ್ರದೇಶದ ಏಕಮಾತ್ರ ಜಾಲಿಮರದ ಮೇಲಿದ್ದೆ.

ಏರಿದ್ದು ನನಗೆ ನೆನಪಿಲ್ಲ, ಇಳಿದದ್ದು ಚೆನ್ನಾಗಿ ನೆನಪಿದೆ. ಜಾಲಿಯ ಮುಳ್ಳಿನ ಸ್ವಭಾವವೇ ಹಾಗೆ, ಹೋಗುವಾಗ ಸುಮ್ಮನಿದ್ದು ಬರುವಾಗ ಮಾತಾಡಿಸುತ್ತದೆ. ಹಂದಿ ತನ್ನ ದಾರಿ ಹಿಡಿದು ಹೋದ ಎಷ್ಟೋ ಹೊತ್ತಿನ ಮೇಲೆ ಸೀನಿಯರು ಮರದ ಕೆಳಗೆ ಬಂದು ನಿಂತು, “ದಿಗವಯ್ಯಾ, ಪಂದಿ ಪೋಯಿಂದಿ. ಇಳಿಯಪ್ಪಾ, ಈಗ ಕೆಳಗ ನಾನೊಬ್ಬನ ಇರೋದು” ಎಂದರು. ಕೋಪ ಮಾಡಿಕೊಳ್ಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮುಳ್ಳು ಕೀಳಿಸಿಕೊಳ್ಳುತ್ತ ಬೋರಲು ಮಲಗಿದ್ದಾಗ ನನಗೊಂದು ತತ್ವ ಹೊಳೆಯಿತು. ನನಗೆ ಕೊರತೆಯಿರುವುದು ಧೈರ್ಯದ್ದಲ್ಲ, ದೂರದ್ದು. ಪ್ರಾಣಿಗೂ ನನಗೂ ನಡುವೆ ಒಂದು ಮುನ್ನೂರು ಗಜ ಜಾಗ ಇದ್ದರೆ ನಾನು ಯಾವ ಶೂರನಿಗೂ ಕಡಿಮೆಯಿಲ್ಲ. ಊರ ಕಮ್ಮಾರರು ಮಾಡುತ್ತಿದ್ದ ಕೇಪಿನ ಬಂದೂಕು ಈ ಕೆಲಸಕ್ಕೆ ಬರುವಂತಿರಲಿಲ್ಲ. ಮದ್ದು ತುಂಬಿ, ಗುಂಡು ಜಡಿದು, ಮನೆದೇವರ ಹೆಸರು ಹೇಳಿ ಹೊಡೆಯಬೇಕು. ಮುಂದೆ ನಿಂತವನಿಗೆ ಎಷ್ಟು ಅಪಾಯವೋ ಹಿಂದೆ ನಿಂತವನಿಗೂ ಅಷ್ಟೇ. ಇನ್ನು ವಿಲಾಯತಿಯಲ್ಲಿ, ಕೋಟು ಹೊಲಿಸಿದಂತೆ ಹೆಗಲಿನ ಅಳತೆ ಕೊಟ್ಟು ಮಾಡಿಸುವ ರೈಫಲ್ಲುಗಳಿದ್ದವಂತೆ. ಅವುಗಳ ಬೆಲೆ ಕೇಳಿದರೇ ಗುಂಡು ತಗಲಿದಂತಾಗುತ್ತಿತ್ತು. ಇವೆರಡರ ನಡುವೆ ನನ್ನಂಥವನಿಗೆ ಉಳಿದದ್ದು ಫ್ಯಾಕ್ಟರಿಯ ರೈಫಲ್ಲು ಒಂದೇ. ಇದನ್ನು ನನ್ನ ಕೋಣೆಯ ಯಜಮಾನನಿಗೆ ಹೇಳಿದಾಗ ಅವನು ಬಹಳ ಹೊತ್ತು ಯೋಚಿಸಿ, “ಫ್ಯಾಕ್ಟರಿ ಅಂದ್ರ ಯಾವುದ್ರಿ, ಟೇಸನ್ ಹತ್ರ ಇರೋ ಅರಳಿ ಫ್ಯಾಕ್ಟರಿನಾ? ಅಲ್ಲಿ ಯಾವಾಗಿಂದ ಬಂದೂಕು ಮಾಡಾಕ ಹತ್ತಿದ್ರು?” ಎಂದು ಕೇಳಿದ. ಬಳ್ಳಾರಿಯಲ್ಲಿ ಆಗ ಫ್ಯಾಕ್ಟರಿ ಎಂದರೆ ಹತ್ತಿ ಹಿಂಜುವುದು, ಅಷ್ಟೇ.

ಕಂಟೋನ್ಮೆಂಟಿನಲ್ಲಿ ಇಬ್ರಾಹಿಂ ಸಾಬರ ಅಂಗಡಿ ಇತ್ತು. ಹೊರಗೆ ಬಂದೂಕಿನ ಚಿತ್ರದ ಬೋರ್ಡು, ಒಳಗೆ ಪೆಟ್ರೋಮ್ಯಾಕ್ಸ್ ರಿಪೇರಿ. ಕೋರ್ಟು ಮುಗಿದ ಮೇಲೆ ದಿನವೂ ಅಲ್ಲಿ ಕೂತು ಸಾಬರ ಚಹಾ ಕುಡಿಯುವುದು ನನಗೆ ರೂಢಿಯಾಯಿತು. ಬಂದುಹೋಗುವವರೆಲ್ಲ ನನಗೆ ಬುದ್ಧಿ ಹೇಳುತ್ತಿದ್ದರು. ಮದುವೆ ಮತ್ತು ಬಂದೂಕು, ಈ ಎರಡು ವಿಷಯಗಳಲ್ಲಿ ಬುದ್ಧಿ ಹೇಳದ ಮನುಷ್ಯನನ್ನು ನಾನು ಕಂಡಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಪೊಲೀಸರ ತ್ರೀನಾಟ್‌ತ್ರೀ ಎಂದು ಎಲ್ಲರೂ ಒಪ್ಪುತ್ತಿದ್ದರು; ಆದರೆ ಅದು ಸರ್ಕಾರಿ ಬೋರು, ಅಂದರೆ ಸರ್ಕಾರದವರಿಗೇ ಮೀಸಲಾದ ನಳಿಗೆಯ ಅಳತೆ, ನಮ್ಮಂಥವರಿಗೆ ಲೈಸೆನ್ಸು ಸಿಗುತ್ತಿರಲಿಲ್ಲ. ಸೀನಿಯರು ಒಂಬತ್ತು ಎಂ.ಎಂ. ಎಂದರು. ಒಂಬತ್ತರ ಗುಂಡು ತೂಕದ್ದು, ಎದುರಿಗೆ ಬಂದ ಕರಡಿಗೆ ಸರಿ. ದೂರ ಹೋಗುತ್ತ ಹೋಗುತ್ತ ಅದು ಕೆಳಕ್ಕೆ ಜೋಲುತ್ತದೆ. ಕರಡಿ ಎದುರಿಗೆ ಬರುವ ಪ್ರಸಂಗವನ್ನು ನಾನು ಯೋಜನೆಯಲ್ಲೇ ಸೇರಿಸಿರಲಿಲ್ಲ. ಕೊನೆಗೆ ತೀರ್ಪು ಕೊಟ್ಟವರು ಸಾಬರೇ. “ಬಡಾ ಬೋರ್ ಯಾಕ ಬೇಕು ವಕೀಲ್ ಸಾಬ್? ಗುಂಡು ತಾಗಿದ್ರ ಸಣ್ಣದಾದ್ರೂ ಕೆಲಸ ಆಕ್ಕತಿ. ತಾಗದಿದ್ರ ದೊಡ್ಡದ್ರಿಂದ ಏನ್ ಫಾಯ್ದಾ? ಎಂಟೆಮ್ಮೆಮ್ ತಗೋರಿ. ಗುಂಡು ದೂರ ಹೋಗ್ತೈತಿ, ಜಾಸ್ತಿ ಇಳ್ಯಂಗಿಲ್ಲ. ತೋಟಾನೂ ಇಲ್ಲೇ ಸಿಗ್ತಾವ.” ಹೀಗೆಂದು ಒಳಗಿಂದ ಒಂದು ರೈಫಲ್ಲು ತಂದರು. ದೇಶ ಬಿಟ್ಟು ಹೊರಟಿದ್ದ ಯಾರೋ ದೊರೆ ಮಾರಲು ಬಿಟ್ಟದ್ದು. ನಳಿಗೆಯ ಮೇಲೆ ಮಡಚುವಂಥ ಮೂರು ಸಣ್ಣ ಎಲೆಗಳಿದ್ದವು. ಮೊದಲನೆಯದನ್ನು ಎತ್ತಿ ಗುರಿ ನೋಡಿದರೆ ನೂರು ಗಜ, ಎರಡನೆಯದಕ್ಕೆ ಇನ್ನೂರು, ಮೂರನೆಯದಕ್ಕೆ ಮುನ್ನೂರು. ನಾನು ಮೂರನೆಯದನ್ನು ಎತ್ತಿ, ಕೋಟೆ ಗುಡ್ಡದ ಮೇಲೆ ಮೇಯುತ್ತಿದ್ದ ಒಂದು ಮೇಕೆಯ ಕಡೆ ಹಿಡಿದು ನೋಡಿದೆ. ಅಷ್ಟು ದೂರದಿಂದ ಆ ಮೇಕೆ ನನಗೆ ಏನೂ ಮಾಡಲಾರದು ಎಂಬ ನೆಮ್ಮದಿ ಎದೆ ತುಂಬಿತು. ಸಾಬರು ಹಿಂದಿನಿಂದ ಪಾಠ ಹೇಳಿದರು: “ಕುದುರಿ ಜಗ್ಗಬ್ಯಾಡ್ರಿ. ಹಿಂಡ್ರಿ. ಮೆತ್ತಗ, ಉಸಿರು ಹಿಡಿದು ಹಿಂಡ್ರಿ.” ಬಂದೂಕಿನ ಕುದುರೆಯನ್ನು ಎಳೆಯುವುದಲ್ಲ, ಹಿಂಡುವುದು ಎಂಬ ಗುಟ್ಟು ನನಗೆ ಸಿಕ್ಕಿದ್ದು ಹೀಗೆ.

ಇದೇ ಗುಂಗಿನಲ್ಲಿದ್ದಾಗ ಸಿರುಗುಪ್ಪದಿಂದ ನನ್ನ ಸೋದರಮಾವ ಬಂದ. ಅವನು ಅಕ್ಕಿ ವ್ಯಾಪಾರಕ್ಕೆಂದು ಬಂದು ನನ್ನ ಮದುವೆಯ ಮಾತನ್ನೂ ಜೊತೆಗೆ ತಂದಿದ್ದ. ಸಂಜೆ ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಅಂಗಡಿಯಲ್ಲಿ ಕೂತು, ಕುರುಗೋಡಿನಲ್ಲಿ ನೀಲಾ ಎಂಬ ಹುಡುಗಿ ಇದ್ದಾಳೆ, ಏಳನೆಯ ತರಗತಿ ಪಾಸಾಗಿದ್ದಾಳೆ, ಮನೆತನ ಒಳ್ಳೆಯದು, ಹೋಗಿ ನೋಡಿಬರೋಣ ಎಂದು ಹೇಳುತ್ತಲೇ ಇದ್ದ. ನಾನು ಅರ್ಧ ಕೇಳಿಸಿಕೊಂಡು, “ಮಾಮಾ, ನನ್ನ ತಲ್ಯಾಗ ಈಗ ಬ್ಯಾರೆ ಏನೂ ಇಲ್ಲ. ಎಂಟೆಮ್ಮೆಮ್ ತಗೋಬೇಕಂತ ಮಾಡೀನಿ” ಎಂದೆ. ನಮ್ಮ ಕಡೆ ಮನೆ ಮನಿಯಾದಂತೆ ಎಮ್ಮೆಯೂ ಎಮ್ಮಿಯಾಗುತ್ತದೆ. ನನ್ನ ಮಾತಿನ ಬಾಲವೋ ಮಾವನ ಬಾಯಲ್ಲಿದ್ದ ಮಿರ್ಚಿಯ ಕರಕರದಲ್ಲಿ ಕಳೆದುಹೋಯಿತು. ಅವನು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

“ಎಂಟಾ? ಒಮ್ಮಿಗೇನ?”

“ಹೂಂ ಮತ್ತ. ಸಾಬ್ರು ಕಂತಿಗೆಲ್ಲ ಕೊಡಂಗಿಲ್ಲ.”

“ಯಾರ ಕಡೀವು ಅವು?”

“ಒಬ್ಬ ದೊರಿ ಕಡೀದು. ಅವನ ದೇಶಕ್ಕ ಹೊಂಟಾನ. ಒಯ್ಯಾಕ ಆಗದಾ ಬಿಟ್ಟು ಹೊಂಟಾನ.”

“ಹೌದೌದು, ಹಡಗಿನ್ಯಾಗ ಹೆಂಗ ಒಯ್ತಾನ ಪಾಪ” ಎಂದು ಮಾವ ತಲೆಯಾಡಿಸಿದ. ಅವನ ಕಣ್ಣಲ್ಲಿ ನನ್ನ ಬಗ್ಗೆ ಹುಟ್ಟಿದ ಹೊಸ ಗೌರವವನ್ನು ಕಂಡು, ರೈಫಲ್ಲಿನ ಮಾತಿಗೇ ಇಷ್ಟು ಬೆಲೆ ಇದೆಯೇ ಎಂದು ನಾನು ಹಿಗ್ಗಿದೆ. ಕಕ್ಷಿದಾರರಿಲ್ಲದ ಅಳಿಯ ಎಂಟು ಎಮ್ಮೆಯ ಧಣಿಯಾಗಲಿರುವ ಸುದ್ದಿಯನ್ನು ಹೊತ್ತು ಮಾವ ಮಾರನೆಯ ದಿನವೇ ಕುರುಗೋಡಿನ ಬಸ್ಸು ಹತ್ತಿದ.

ಹೆಣ್ಣು ನೋಡಲು ಹೋದ ದಿನ ಕುರುಗೋಡಿನ ಮನೆಯಲ್ಲಿ ನಮಗೆ ಸಿಕ್ಕ ಉಪಚಾರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದೊಡ್ಡ ಬಸವಣ್ಣನ ಗುಡಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ಹುಡುಗಿಯ ತಂದೆ ಮೆತ್ತಗಿನ ಮನುಷ್ಯ. ಮನೆಯ ಆಡಳಿತವೆಲ್ಲ ಅವರ ತಾಯಿಯದು. ನಾಗಮ್ಮಜ್ಜಿ ಎಂದು ಊರೆಲ್ಲ ಕರೆಯುತ್ತಿದ್ದ ಆ ಮುದುಕಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆ ಕಡೆಯ ಗುಡ್ಡಗಳಲ್ಲೆಲ್ಲ ಹೆಸರಾದ ಶಿಕಾರಿಯಂತೆ ಆತ. ಅದಕ್ಕೆ ಸಾಕ್ಷಿಯಾಗಿ ಗೋಡೆಯ ಮೇಲೆ ತಲೆ, ಹಲ್ಲು, ಗಾಜಿನ ಕಣ್ಣು ಸಮೇತ ಒಂದು ಚಿರತೆಯ ಚರ್ಮ ತೂಗುತ್ತಿತ್ತು. ಜಮಖಾನೆ ಹಾಸಿದ್ದು ಸರಿಯಾಗಿ ಅದರ ಕೆಳಗೆ. ನಾನು, ಗಾಳಿ ಬೇಕು ಎಂದು ಹೇಳಿ, ಬಾಗಿಲ ಹತ್ತಿರ ಕೂತೆ. ಅಜ್ಜಿ ಅದನ್ನು ನೋಡಿದಳು. ಆಮೇಲೆ ವಿಚಾರಣೆ ಶುರುವಾಯಿತು.

“ಎಂಟು ಅಂತಲ್ಲಪಾ ತಮ್ಮಾ?”

“ಹೂಂರಿ ಅವ್ವಾರ, ಎಂಟು. ನಮ್ಮ ಸೀನಿಯರು ಒಂಬತ್ತು ತಗೋ ಅಂದ್ರು. ನನಗ ಎಂಟಾ ಸಾಕನಿಸ್ತು. ಒಂಬತ್ತಂದ್ರ ಭಾಳ ಭಾರ ಆಕ್ಕತಿ.”

“ಖರೇ ಮಾತು. ಆಸಿಗಿ ಒಂದು ಮಿತಿ ಇರಬೇಕು. ಎಣ್ಣಿ-ಗಿಣ್ಣಿ ಹಚ್ಚತೀರೇನು?”

“ವಾರಕ್ಕೊಮ್ಮಿ ಹಚ್ಚಾಕ ಬೇಕ್ರಿ. ಇಲ್ಲಂದ್ರ ಹಾಳಾಗ್ತೈತಿ.”

“ಮತ್ತ ಹಿಂಡೂದು ಯಾರು?”

ನನಗೆ ಆಶ್ಚರ್ಯವಾಯಿತು. ಕುದುರೆಯನ್ನು ಹಿಂಡಬೇಕೆಂಬ ಸೂಕ್ಷ್ಮ ಈ ಮುದುಕಿಗೆ ಹೇಗೆ ಗೊತ್ತು? ಶಿಕಾರಿಯ ಹೆಂಡತಿಯಲ್ಲವೇ ಎಂದುಕೊಂಡು ಉತ್ಸಾಹದಿಂದ ಹೇಳಿದೆ: “ನಾನಾ ಹಿಂಡತೀನ್ರಿ. ಸಾಬ್ರು ಕಲಿಸ್ಯಾರ. ಜಗ್ಗಬಾರ್ದು, ಉಸಿರು ಹಿಡಿದು ಮೆತ್ತಗ ಹಿಂಡಬೇಕು.”

ಕೋಟು ಹಾಕಿದ ವಕೀಲ ತಾನೇ ಹಿಂಡುತ್ತಾನೆಂದು ಕೇಳಿ ಅಜ್ಜಿಯ ಮುಖ ಅರಳಿತು. ಮಗನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದಳು. “ಒದೀತಾವೇನು?” ಎಂದಳು.

“ಒದೀತೈತ್ರಿ. ಹೆಗಲಿಗೇ ಒದೀತೈತಿ. ರೂಢಿ ಆದಮ್ಯಾಲೆ ಗ್ಯಾನ ಇರಂಗಿಲ್ಲಂತ.”

“ಹೆಗಲಿಗೆ?” ಅಜ್ಜಿ ಸ್ವಲ್ಪ ಹೊತ್ತು ಏನನ್ನೋ ಲೆಕ್ಕ ಹಾಕಿದಳು. ನಾನು ಹೇಗೆ ಕೂತು ಹಿಂಡಿದರೆ ಎಮ್ಮೆಯ ಕಾಲು ನನ್ನ ಹೆಗಲಿಗೆ ತಗಲೀತು ಎಂದು ಯೋಚಿಸಿದಳೆಂದು ಆಮೇಲೆ ತಿಳಿಯಿತು. “ಇರ್ಲಿ. ಬಳ್ಳಾರ್ಯಾಗ ಒಂದಾ ಕೋಣಿ ಐತಂತ. ಎಂಟೂ ಎಲ್ಲಿ ಕಟ್ಟೀಪಾ?”

“ಕಟ್ಟೂದೇನೈತ್ರಿ ಅವ್ವಾರ? ಗ್ವಾಡಿಗಿ ಎರಡು ಮೊಳಿ ಹೊಡದು ತೂಗ ಹಾಕ್ತೀನಿ.”

ಮಾವ ಒಗ್ಗರಣಿಯ ತಟ್ಟೆಯನ್ನು ಕೆಳಗಿಟ್ಟ. ಆಗ ಒಳಬಾಗಿಲ ಹಿಂದಿನಿಂದ ತಡೆಯಲಾರದ ಒಂದು ನಗು ಕೇಳಿಸಿತು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹುಡುಗಿ ಹೊಸ್ತಿಲಿಗೆ ಬಂದಳು. “ಅಜ್ಜೀ, ಅವು ಎಮ್ಮಿ ಅಲ್ಲ. ಎಂಟೆಮ್ಮೆಮ್ ಅಂದ್ರ ಬಂದೂಕು, ಅಜ್ಜನ ಕಡೆ ಇತ್ತಲ್ಲ ಅಂಥಾದು” ಎಂದು ಹೇಳಿ, ಮತ್ತೆ ನಗು ಬಂದು ಒಳಗೆ ಓಡಿದಳು.

ನನ್ನ ಬಾಳಿನಲ್ಲಿ ಹೆಣ್ಣೊಂದು ನನ್ನನ್ನು ನೋಡಿ ಅಷ್ಟು ಮನಸಾರೆ ನಕ್ಕದ್ದು ಅದೇ ಮೊದಲು. ಕೆಟ್ಟ ನಗುವಾಗಿರಲಿಲ್ಲ ಅದು. ಬಂದು ಪಕ್ಕದಲ್ಲಿ ಕೂತು ನೀನೂ ನಗು ಎಂದು ಕರೆಯುವಂಥ ನಗು. ಈ ಹುಡುಗಿ ನನಗೆ ಸಿಗಬೇಕು, ಸಿಗದಿದ್ದರೆ ಆ ಕಾದ ಬಂಡೆಯ ಬುಡದಲ್ಲಿ ಒಬ್ಬನೇ ಮುದುಕನಾಗುತ್ತೇನೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ದುರದೃಷ್ಟಕ್ಕೆ ಅದೇ ಕ್ಷಣದಲ್ಲೇ ಸಂಬಂಧವೂ ಮುರಿಯತೊಡಗಿತ್ತು. ಹುಡುಗಿಯ ತಂದೆ ಎದ್ದು ನಿಂತು ಮಾವನಿಗೆ ಕೈ ಮುಗಿದರು. “ಎಮ್ಮಿ ಇಲ್ಲದಿದ್ರ ಹೋಗ್ಲಿರಿ, ಅದರಾಗೇನೈತಿ. ಆದ್ರ ಬಂದೂಕಿನ ಮನಿ ನಮಗ ಸಾಕಾಗೇತಿ” ಎಂದರು.

“ನೀ ಕುಂದ್ರು” ಎಂದಳು ಅಜ್ಜಿ ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. “ಎಷ್ಟು ದೂರ ಹೊಡೀತೈತಿ ಅದು?”

“ಮುನ್ನೂರು ಗಜರಿ.”

“ನಮ್ಮ ಮನಿಯವ್ರು ಚಿರತಿ ಉಸಿರು ಮಾರಿಗಿ ಬಡಿಯೂವಷ್ಟು ಹತ್ರ ಹೋಗಿ ಹೊಡೀತಿದ್ರು. ನಿನಗ್ಯಾಕಪಾ ಅಷ್ಟು ದೂರ?”

ಮಾವ ನಡುವೆ ಬಾಯಿ ಹಾಕಿ, “ಇವಂದು ಗುರಿ ಭಾಳ ಚೊಲೊ ಐತ್ರಿ, ಅದಕ್ಕ” ಎಂದ. ಅವನು ನನ್ನನ್ನು ಉಳಿಸಲು ನೋಡುತ್ತಿದ್ದ. ಆದರೆ ಒಳಗೆ ಬಳೆಯ ಸದ್ದು ನಿಂತಿತ್ತು. ಬಾಗಿಲ ಹಿಂದೆ ಅವಳು ಕಿವಿಗೊಟ್ಟು ನಿಂತಿದ್ದಳು. ಅಷ್ಟು ಚೆಂದವಾಗಿ ನಕ್ಕವಳಿಗೆ ಸುಳ್ಳು ಕೇಳಿಸುವ ಮನಸ್ಸು ನನಗೆ ಬರಲಿಲ್ಲ. “ಹತ್ರ ಹೋಗಾಕ ನನಗ ಅಂಜಿಕಿ ಆಕ್ಕತ್ರಿ ಅವ್ವಾರ” ಎಂದೆ. ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಅದಕ್ಕಾ ಅದರ ಕೆಳಗ ಕುಂದ್ರಲಿಲ್ಲೇನು?” ಅಜ್ಜಿ ಗೋಡೆಯ ಕಡೆ ಗಲ್ಲ ತೋರಿಸಿದಳು.

“ಹೂಂರಿ.”

ಅಜ್ಜಿ ಬಲಗೈಯ ಮೇಲಿನ ಸೆರಗನ್ನು ಸರಿಸಿ ಮಣಿಕಟ್ಟನ್ನು ಮುಂದೆ ಚಾಚಿದಳು. ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. “ಇದು ಚಿರತಿ ಮಾಡಿದ್ದಲ್ಲಪಾ” ಎಂದಳು. ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಆ ಚರ್ಮ ಗ್ವಾಡಿಗಿ ಹಾಕಿದ ದಿನ ಊರ ಮಂದಿ ಎಲ್ಲಾ ಉಣ್ಣಾಕ ಬಂದಿದ್ರು. ಸಾರಿಗಿ ಉಪ್ಪು ಹೆಚ್ಚಾಗಿತ್ತು. ಯಾವುದಕ್ಕೂ ಅಂಜದ ಗಂಡಸಿನ ಸಂಗಾಟ ನಾನು ಬಾಳೇ ಮಾಡೀನಿ, ನನಗ ಗೊತ್ತೈತಿ. ಅಂಜೂ ಗಂಡಸು ಕೈ ಎತ್ತಾಕೂ ಅಂಜತಾನ.” ಸೆರಗನ್ನು ಮತ್ತೆ ಕೈಯ ಮೇಲೆ ಎಳೆದುಕೊಂಡು ಮಗನಿಗೆ ಹೇಳಿದಳು, “ಇವಗ ಕೊಡು ಹುಡುಗೀನ.” ಆಮೇಲೆ ನನಗೆ, “ಬಂದೂಕು ಬೇಕಾದ್ರ ತಗೋ. ನಿನ್ನ ಕೈಯಾಗ ಅದರಿಂದ ಯಾರೂ ಸಾಯಂಗಿಲ್ಲ.”

ನಾನು ತಲೆ ತಗ್ಗಿಸಿ ಕೂತೆ. ಹುಟ್ಟಿದಾಗಿನಿಂದ ಯಾವುದನ್ನು ಕೋಟಿನ ಒಳಗೆ ಬಚ್ಚಿಟ್ಟುಕೊಂಡು ಓಡಾಡಿದ್ದೆನೋ ಅದನ್ನು ನೋಡಿಯೇ ಒಬ್ಬ ಮುದುಕಿ ತನ್ನ ಮೊಮ್ಮಗಳನ್ನು ಕೊಟ್ಟಳು. ಹೆಮ್ಮೆಯಾಯಿತು, ಆದರೆ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಬಸ್ಸಿನಲ್ಲಿ ಮಾವ ನನ್ನೊಡನೆ ಮಾತಾಡಲಿಲ್ಲ. ಬಳ್ಳಾರಿ ಹತ್ತಿರವಾದಾಗ ಮಾತ್ರ ಒಮ್ಮೆ, “ಒಂದರ ಎಮ್ಮಿ ತಗೋಳಲೇ” ಎಂದ.

ಮದುವೆಯಾದ ಮೇಲೆ ಆ ರೈಫಲ್ಲನ್ನೇ ತೆಗೆದುಕೊಂಡೆ. ನೀಲಾ ಅದಕ್ಕೆ ತಾನೇ ಎಣ್ಣೆ ಹಚ್ಚುತ್ತಿದ್ದಳು, ಹಚ್ಚುವಾಗೆಲ್ಲ ನಗುತ್ತಿದ್ದಳು. ಒಂದು ದಿನ, ಇದರ ಸದ್ದನ್ನಾದರೂ ಕೇಳಬೇಡವೇ ಎಂದು ಹಟ ಹಿಡಿದು ನನ್ನನ್ನು ಕೆಂಚನಗುಡ್ಡದ ಕಡೆಗೆ ಹೊರಡಿಸಿದಳು. ಸೋದರಮಾವ ಸಿರುಗುಪ್ಪದಿಂದ ಎತ್ತಿನ ಗಾಡಿ ಹೂಡಿದ. ಚಿಗರಿಗಳು ಮನುಷ್ಯರಿಗೆ ಬೆದರುತ್ತವೆಯೇ ಹೊರತು ಗಾಡಿಗೆ ಬೆದರುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಹತ್ತಿ ಹೊಲದ ಬದುವಿನಲ್ಲಿ ತಿರುಗುತ್ತಲೇ ಒಂದು ಕರಿಯ ಗಂಡು, ತಿರುಚಿದ ಕೊಂಬು ಹೊತ್ತು, ಗಾಡಿಯ ಪಕ್ಕದಲ್ಲೇ ನಿಂತಿತ್ತು. ಅದರ ಕಣ್ಣಿನ ರೆಪ್ಪೆ ಆಡುವುದು ನನಗೆ ಕಾಣುತ್ತಿತ್ತು. ಮೂಗಿನ ಮೇಲೆ ಕೂತಿದ್ದ ನೊಣವೂ ಕಾಣುತ್ತಿತ್ತು.

ರೈಫಲ್ಲನ್ನು ಹೆಗಲಿಗೆ ಏರಿಸಿದೆ. ಉಸಿರು ಹಿಡಿದೆ. ಹಿಂಡಬೇಕು, ಬೆರಳು ಹಿಂಡಲಿಲ್ಲ. ಕರುಣೆ ಉಕ್ಕಿಬಂತು ಎಂದು ಬರೆದರೆ ಪ್ರಬಂಧಕ್ಕೆ ಶೋಭೆ. ಆದರೆ ನಿಜವಾಗಿ ಇದ್ದದ್ದು ರೈಫಲ್ಲು ಒದೆಯುತ್ತದೆಂಬ ಅಂಜಿಕೆ. ಬೆವರು ಕಣ್ಣಿಗಿಳಿಯಿತು. ಮೆಲ್ಲಗೆ ರೈಫಲ್ಲು ಇಳಿಸಿ, “ಆಗೂದಿಲ್ಲ ನೀಲಾ. ಮುನ್ನೂರು ಗಜದ ಮ್ಯಾಲೈತಿ ಅದು” ಎಂದೆ.

ನೀಲಾ ಚಿಗರಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸೆರಗಿನಿಂದ ನನ್ನ ಹಣೆಯ ಬೆವರನ್ನು ಒರೆಸಿ, “ಹೌದ್ರಿ, ಭಾಳ ದೂರ ಐತಿ” ಎಂದಳು.

ಗಾಡಿ ಹೊಡೆಯುತ್ತಿದ್ದ ಮಾವ ತಿರುಗಿ ನಮ್ಮಿಬ್ಬರನ್ನೂ ನೋಡಿದ. ಚಿಗರಿಯೂ ನೋಡಿತು.